ರಣದಲ್ಲಿ ಕಾಲು ತೊಳೆದದ್ದು

ಆಷಾಢದ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಶಿರಸಿ ಕಡೆಯ ಮಳೆ ಕಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಿಲ್ಲ. ಕಾಣದವರಿಗೆ ಹೇಳಿದರೂ ನಂಬುವುದಿಲ್ಲ. ಕರೆಂಟು ಹೋಗಿ ಎರಡು ದಿನ. ಮೊಬೈಲುಗಳೆಲ್ಲ ಸತ್ತಿದ್ದರಿಂದ ಮಕ್ಕಳು ಬೇರೆ ದಾರಿಯಿಲ್ಲದೆ ಬಚ್ಚಲೊಲೆಯ ಮುಂದೆ ಬಂದು ಕೂತಿದ್ದರು. ಕೆಂಡದ ಬದಿಗೆ ಹಲಸಿನ ಬೇಳೆ ಹೂಳಿ, ಅದು ಟಪ್ಪೆಂದು ಸಿಡಿಯುವುದನ್ನೇ ಕಾಯುತ್ತಿದ್ದರು. ನನ್ನ ಎರಡು ಮಕ್ಕಳು, ತಮ್ಮನ ಮಗ, ಬರೋಡಾದಿಂದ ರಜೆಗೆ ಬಂದ ಅತ್ತೆಯ ಮಗಳು, ಅವಳ ಮಗಳು.

ನಮ್ಮನೆಯ ಬಚ್ಚಲಿಗೆ ನಲ್ಲಿಯಿಲ್ಲ. ಗುಡ್ಡದ ಅಬ್ಬಿಯಿಂದ ಪೈಪು ಹಾಕಿದ್ದೇವೆ. ನೀರು ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ, ಹಂಡೆ ತುಂಬಿ, ತೊಟ್ಟಿ ತುಂಬಿ, ಬಾಳೆಗಿಡದ ಬುಡಕ್ಕೆ ಹೋಗುತ್ತದೆ. ತಮ್ಮನ ಮಗ ಅಂಗಳದ ಕೆಸರು ತುಳಿದು ಬಂದವನು ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಂಡು ಕಾಲು ತೊಳೆಯುತ್ತಿದ್ದ. ಐದೋ ಆರೋ ಆಗಿರಬೇಕು.

“ಸಾಕೋ ಮಾರಾಯ, ಒಂದು ತಂಬಿಗೆ ಸಾಲದಾ?” ಎಂದೆ.

“ಶುರುವಾಯಿತು ರಣದ ಕಥೆ” ಎಂದಳು ಹೆಂಡತಿ ಒಳಗಿನಿಂದಲೇ.

“ಯಾವ ರಣ?” ಎಂದು ಬರೋಡಾದ ಹುಡುಗಿ ಕೇಳಿತು. ಅವಳ ಅಮ್ಮ, ಅಂದರೆ ಅತ್ತೆಯ ಮಗಳು, ನಕ್ಕಳು. “ಹೇಳಿ ಭಾವ. ನಾನೂ ಅಲ್ಲಿದ್ದೆನಲ್ಲ, ತಪ್ಪು ಹೇಳಿದರೆ ತಿದ್ದುತ್ತೇನೆ.”

ಇಂಥ ಸಾಕ್ಷಿ ಎದುರಿಗೆ ಕೂತಿರುವಾಗ ಕಥೆ ಹೇಳುವುದು ಕಷ್ಟ. ಆದರೂ ಹೇಳಿದೆ.

1997ರ ಮಳೆಗಾಲದಲ್ಲಿ ನನಗೆ ಅಹಮದಾಬಾದಿಗೆ ವರ್ಗವಾಯಿತು. ವಯಸ್ಸು ಇಪ್ಪತ್ತೈದು, ಬ್ಯಾಂಕಿನ ಕೆಲಸ, ಮದುವೆಯಾಗಿರಲಿಲ್ಲ. ಮಣಿನಗರದಲ್ಲಿ ಮಹಡಿಯ ಮೇಲೊಂದು ಕೋಣೆ. ಮೊದಲ ಭಾನುವಾರವೇ ಸಾಬರಮತಿ ನೋಡೋಣವೆಂದು ಎಲಿಸ್ ಬ್ರಿಡ್ಜಿಗೆ ಹೋಗಿದ್ದೆ. ಮಳೆ ಕಳೆದು ತಿಂಗಳೆರಡು ತಿಂಗಳಾಗುವಷ್ಟರಲ್ಲಿ ಆ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡತೊಡಗಿದರು. ಈಗಿನಂತೆ ನರ್ಮದೆಯ ನೀರು ತಂದು ತುಂಬಿಸಿದ, ದಡಕ್ಕೆ ಕಟ್ಟೆ ಕಟ್ಟಿದ ಸಾಬರಮತಿಯಲ್ಲ ಅದು. ಅಷ್ಟುದ್ದದ ಸೇತುವೆಯ ಕೆಳಗೆ ಮರಳು ಮಾತ್ರ. ಊರಿಗೆ ಬರೆದ ಕಾಗದದಲ್ಲಿ ‘ಇಲ್ಲಿ ಹೊಳೆ ಇದೆ, ನೀರಿಲ್ಲ’ ಎಂದು ಬರೆದದ್ದಕ್ಕೆ ಅಮ್ಮ, ‘ಹಾಗಿದ್ದರೆ ಅದನ್ನು ಹೊಳೆ ಅಂತ ಯಾಕೆ ಅನ್ನುತ್ತಾರೆ?’ ಎಂದು ಉತ್ತರ ಬರೆಸಿದ್ದಳು.

ಗುಜರಾತಿನಲ್ಲಿ ನಮ್ಮವರು ಇನ್ನಿಬ್ಬರಿದ್ದರು. ಅತ್ತೆ ಬರೋಡಾದಲ್ಲಿ. ಊರಿನ ಹೆಸರು ವಡೋದರಾ ಎಂದು ಬದಲಾದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಬರೋಡಾವೇ. ಮಾವನಿಗೆ ಕೊಯಲಿಯ ರಿಫೈನರಿಯಲ್ಲಿ ಕೆಲಸ, ಅತ್ತೆ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ಚಿಕ್ಕಪ್ಪ ಸೂರತ್ತಿನಲ್ಲಿ, ಸೀರೆಗೆ ಬಣ್ಣ ಹಾಕುವ ಗಿರಣಿಯೊಂದರ ಲೆಕ್ಕ ಬರೆಯುತ್ತಿದ್ದ. ಮೂವರು ಸೇರಿದರೆ ಊರುಗಳ ಜಗಳ ಗ್ಯಾರಂಟಿ. ‘ನಿಮ್ಮ ಹೊಳೆಯಲ್ಲಿ ನೀರಿಲ್ಲ, ಇವರ ವಿಶ್ವಾಮಿತ್ರಿಯಲ್ಲಿ ಮೊಸಳೆ, ನಮ್ಮ ತಾಪಿ ನೋಡು’ ಎನ್ನುತ್ತಿದ್ದ ಚಿಕ್ಕಪ್ಪ. ತಾಪಿ ಅವನ ಮಾತು ಕೇಳಿಸಿಕೊಂಡಿತೋ ಏನೋ, 2006ರಲ್ಲಿ ಊರಿಗೆ ಊರೇ ಮುಳುಗಿಸಿತು. ಅದು ಬೇರೆ ಕಥೆ.

1998ರ ಉತ್ತರಾಯಣಕ್ಕೆ ಎಲ್ಲರೂ ನನ್ನಲ್ಲಿಗೆ ಬಂದರು. ಚಿಕ್ಕಪ್ಪ, ಚಿಕ್ಕಮ್ಮ ಸೂರತ್ತಿನಲ್ಲಿ ಹತ್ತಿದ ಗುಜರಾತ್ ಎಕ್ಸ್‌ಪ್ರೆಸ್ಸಿಗೇ ಬರೋಡಾದಲ್ಲಿ ಅತ್ತೆ, ಮಾವ, ಹತ್ತು ವರ್ಷದ ಇವಳು ಹತ್ತಿಕೊಂಡರು. ಸಂಕ್ರಾಂತಿಯ ದಿನ ಅಹಮದಾಬಾದಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ, ಊರೆಲ್ಲ ಮಾಳಿಗೆ ಹತ್ತಿರುತ್ತದೆ. ಗಾಜಿನ ಪುಡಿ ಹಚ್ಚಿದ ದಾರಕ್ಕೆ ನನ್ನ ಎರಡು ಬೆರಳು ಸೀಳಿದವು. ಮನೆಯ ಮಾಲಿಕರ ಹೆಂಡತಿ ಉಂಧಿಯು, ಜಿಲೇಬಿ ಕಳಿಸಿದರು. ಚಿಕ್ಕಪ್ಪ ಅದನ್ನು ಚಪ್ಪರಿಸಿ ತಿಂದು, ‘ಸೂರತ್ತಿನ ಊಟ, ಕಾಶಿಯ ಸಾವು’ ಎಂಬ ಗಾದೆ ಹೇಳಿ, ಸೂರತ್ತಿನ ಉಂಧಿಯು ಮುಂದೆ ಇದೇನೂ ಅಲ್ಲ ಎಂದ. ತಟ್ಟೆಯಲ್ಲಿ ಮಾತ್ರ ಏನೂ ಉಳಿದಿರಲಿಲ್ಲ.

ಮರುದಿನ ವಾಸಿ ಉತ್ತರಾಯಣ. ಅದೂ ಮುಗಿಯಿತು. ಶನಿವಾರ, ಭಾನುವಾರ ಎದುರಿಗಿವೆ. ಎಲ್ಲಾದರೂ ಹೋಗೋಣ ಎಂದಾಯಿತು. ಚಿಕ್ಕಪ್ಪನಿಗೆ ದಾಂಡಿಯ ಗೀಳು. ಸೂರತ್ತಿಗೆ ಯಾವ ನೆಂಟರು ಬಂದರೂ ದಾಂಡಿಗೆ ಒಯ್ದು, ಸಾಬರಮತಿ ಆಶ್ರಮದಿಂದ ಗಾಂಧಿಯ ಜೊತೆ ನಡೆದುಬಂದವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೂ ಒಬ್ಬ ಎಂದು ಹೇಳದೆ ಬಿಡುತ್ತಿರಲಿಲ್ಲ. ಅತ್ತೆಗೆ ಮೊಢೇರಾದ ಸೂರ್ಯ ದೇವಾಲಯ ನೋಡಬೇಕು. ಮಾವನಿಗೆ ಡೇರೆ ಹೊಡೆದು ಮಲಗಬೇಕು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಚಿತ್ರ ನೋಡಿದ್ದರು. ಕೊನೆಗೆ ಎಲ್ಲವೂ ಸೇರಿ ಕಛ್‌ನ ಚಿಕ್ಕ ರಣ ಎಂದಾಯಿತು. ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಹೇಳಿದೆ: “ನಾಳೆ ರಣಕ್ಕೆ ಹೋಗುತ್ತಿದ್ದೇವೆ.”

“ರಣಕ್ಕಾ? ಯಾಕೆ, ಯಾರ ಮೇಲೆ ಯುದ್ಧ?”

ಗುಜರಾತಿಯಲ್ಲಿ ರಣವೆಂದರೆ ಮರುಭೂಮಿ ಎಂದು ವಿವರಿಸುವಷ್ಟರಲ್ಲಿ ಮೀಟರು ಓಡುತ್ತಿತ್ತು. ನಮ್ಮಲ್ಲೂ ರಣಬಿಸಿಲು ಅನ್ನುತ್ತೇವಲ್ಲ, ಆ ಬಿಸಿಲಿನ ತವರುಮನೆ ಅಂದುಕೋ ಎಂದು ಹೇಳಿ ಫೋನಿಟ್ಟೆ.

ಶನಿವಾರ ಬೆಳಿಗ್ಗೆ ಬಾಡಿಗೆಯ ಮೆಟಡೋರಿನಲ್ಲಿ ಹೊರಟೆವು. ಬಾಡಿಗೆಗೆ ತಂದ ಎರಡು ಡೇರೆ ಮೇಲೆ ಕಟ್ಟಿತ್ತು. ಚಿಕ್ಕಮ್ಮನಿಗೆ ನೆಗಡಿ, ಮನೆಯಲ್ಲೇ ಉಳಿದಳು. ಸರಖೇಜ್, ಸಾಣಂದ್ ದಾಟಿ ವಿರಮಗಾಮಕ್ಕೆ ಬಂದದ್ದೇ ಅತ್ತೆ ಗಾಡಿ ನಿಲ್ಲಿಸಿದಳು. ಅಲ್ಲೊಂದು ಕೆರೆ ಇದೆ, ಮುನ್ಸರ್ ತಳಾವ್. ಶಂಖದ ಆಕಾರ, ಸುತ್ತಲೂ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಸಾಲುಸಾಲಾಗಿ ಆಳೆತ್ತರವೂ ಇಲ್ಲದ ಪುಟ್ಟ ಪುಟ್ಟ ಗುಡಿಗಳು. “ಇದನ್ನು ಕಟ್ಟಿಸಿದವಳು ನಮ್ಮ ಕಡೆಯ ಹುಡುಗಿ, ಗೊತ್ತೇನೋ?” ಎಂದಳು ಅತ್ತೆ. ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು ಮಯಣಲ್ಲಾದೇವಿ. ಗುಜರಾತಿಗಳ ಬಾಯಲ್ಲಿ ಮೀನಳದೇವಿ. ಸೋಲಂಕಿ ದೊರೆ ಕರ್ಣನಿಗೆ ಕೊಟ್ಟಿದ್ದು. ಆ ಕರ್ಣನ ಊರೇ ಕರ್ಣಾವತಿ, ಅದರ ಮಗ್ಗುಲಲ್ಲೇ ಮುಂದೆ 1411ರಲ್ಲಿ ಅಹಮದ್ ಶಾಹ ಅಹಮದಾಬಾದು ಕಟ್ಟಿದ್ದು. ಅವಳ ಮಗ ಸಿದ್ಧರಾಜ ಜಯಸಿಂಹ ಗುಜರಾತಿನ ಅತಿ ದೊಡ್ಡ ದೊರೆ. ಸೋಮನಾಥಕ್ಕೆ ಹೋಗುವ ಯಾತ್ರಿಕರ ಮೇಲಿದ್ದ ಸುಂಕವನ್ನು ಮಗನಿಗೆ ಹೇಳಿ ತೆಗೆಸಿದವಳು ಅವಳೇ ಎಂಬ ಕಥೆ ಅಲ್ಲಿ ಪ್ರತಿ ಮಗುವಿಗೂ ಗೊತ್ತು. ಬನವಾಸಿ ನಮ್ಮೂರಿನಿಂದ ಎಷ್ಟು ದೂರ! ಕದಂಬರು ಅಂದರೆ ನೆರೆಮನೆಯವರು ಅಂದಹಾಗೆ. ಮಳೆಸೀಮೆಯಲ್ಲಿ ಬೆಳೆದ ಹುಡುಗಿ ಈ ನೀರಿಲ್ಲದ ನಾಡಿಗೆ ಸೊಸೆಯಾಗಿ ಬಂದಾಗ ಮೊದಲ ದಿನ ಏನನ್ನಿಸಿತ್ತೋ. ನನಗೆ ಹಾಗನ್ನಿಸಿದ್ದು ಈಗ; ಆಗ ನಾನು ಕೆರೆಯ ದಡದಲ್ಲಿ ಫಾಫಡಾ ತಿನ್ನುತ್ತಿದ್ದೆ.

“ಫಾಫಡಾ ಅಲ್ಲ, ಖಮಣ್” ಎಂದಳು ಅತ್ತೆಯ ಮಗಳು.

ಆಗಲಿ, ಖಮಣ್.

ಮಧ್ಯಾಹ್ನಕ್ಕೆ ರಣದ ಅಂಚಿನ ಊರು ಮುಟ್ಟಿದೆವು. ಊರ ಹೊರಗಿನ ಬಯಲಿನಲ್ಲಿ ಮಾವ ಡೇರೆ ಹೊಡೆಸಿದರು. ಹಗ್ಗ ಬಿಗಿದು, ಗೂಟ ಬಡಿದು, ಸುತ್ತ ಕಾಲುವೆ ತೋಡಬೇಕೆಂದರು. ಮಳೆ ಬಂದರೆ ನೀರು ಒಳಗೆ ಬಾರದಿರಲಿ ಎಂದು! ಜನವರಿಯಲ್ಲಿ, ರಣದಲ್ಲಿ. ಮಲೆನಾಡಿನವರ ಬುದ್ಧಿ. ಡೇರೆಯ ಹಿಂದೆ ಮುಳ್ಳುಗಿಡಗಳ ಪೊದೆ. ನೋಡಿದರೆ ನಮ್ಮ ಬಳ್ಳಾರಿ ಜಾಲಿ! ಅಲ್ಲಿ ಅದನ್ನು ಗಾಂಡೋ ಬಾವಳ್ ಎನ್ನುತ್ತಾರೆ, ಹುಚ್ಚು ಜಾಲಿ ಎಂದು. ಮರುಭೂಮಿ ಹಬ್ಬದಿರಲೆಂದು ನೆಟ್ಟದ್ದು, ಈಗ ಅದೇ ಹಬ್ಬುತ್ತಿದೆ. ಕಾಡುಕತ್ತೆಗಳು ಅದರ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಬಿತ್ತುತ್ತವೆ.

ರಣದೊಳಗೆ ಕರೆದೊಯ್ಯಲು ಊರಿನವರೊಬ್ಬರು ಸಿಕ್ಕಿದರು. ಅರವತ್ತರ ವಯಸ್ಸು, ಬಿಳಿ ಪಾಗು. ನಾವೆಲ್ಲ ಕಾಕಾ ಎಂದೆವು. ಅವರ ತಂಗಿಯ ಮಗನ ಹಳೇ ಜೀಪು. ಮೂರು ಗಂಟೆಗೆ ಒಳಗೆ ಇಳಿದೆವು.

ಇಳಿದೆವು ಎಂದೆನಲ್ಲ, ಅದು ಸರಿಯಾದ ಮಾತು. ಊರು ಮುಗಿಯಿತು, ಗಿಡ ಮುಗಿಯಿತು, ಹುಲ್ಲು ಮುಗಿಯಿತು. ಆಮೇಲೆ ಏನೂ ಇಲ್ಲ. ಮರುಭೂಮಿಯೆಂದರೆ ಮರಳ ದಿಬ್ಬ, ಒಂಟೆ ಎಂದುಕೊಂಡಿದ್ದೆ. ಇಲ್ಲಿ ಮರಳೂ ಇಲ್ಲ. ಬಿರುಕು ಬಿಟ್ಟ ಬೂದುಮಣ್ಣು, ಆರಿಸಿಟ್ಟ ಹಪ್ಪಳದ ಹಾಗೆ ಅಂಚು ಮೇಲೆದ್ದಿರುವ ಚೂರುಗಳು, ದಿಗಂತದವರೆಗೆ. ಒಂದು ಕಾಲಕ್ಕೆ ಇದು ಕಡಲಿನ ತೋಳಾಗಿತ್ತಂತೆ. ಹೂಳು ತುಂಬಿ ತುಂಬಿ ನೆಲವಾಯಿತು. ಮಳೆಗಾಲದಲ್ಲಿ ಬನಾಸ್, ರೂಪೇಣ್, ಸರಸ್ವತಿ ನದಿಗಳು ಹರಿದು ಬಂದು ಇಲ್ಲಿ ಚೆಲ್ಲಿಕೊಳ್ಳುತ್ತವೆ, ಆ ಕಡೆಯಿಂದ ಕಡಲ ನೀರು ನುಗ್ಗುತ್ತದೆ, ನಾಲ್ಕು ತಿಂಗಳು ಎಲ್ಲ ಜಲಮಯ. ಆಗ ಬೇಟ್‌ಗಳೆಂಬ ಎತ್ತರದ ದಿಬ್ಬಗಳು ಮಾತ್ರ ದ್ವೀಪಗಳಾಗಿ ಉಳಿಯುತ್ತವೆ. ಹುಲ್ಲು ಬೆಳೆಯುವುದು ಅಲ್ಲೇ, ಕತ್ತೆಗಳು ಸೇರಿಕೊಳ್ಳುವುದೂ ಅಲ್ಲೇ. 1973ರಿಂದ ಇದು ಕಾಡುಕತ್ತೆಗಳ ಅಭಯಾರಣ್ಯ. ವಿಸ್ತೀರ್ಣ 4,954 ಚದರ ಕಿಲೋಮೀಟರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧಕ್ಕೆ ಸ್ವಲ್ಪ ಕಡಿಮೆ. ಅರಣ್ಯ ಎಂಬ ಹೆಸರು, ಮರ ಲೆಕ್ಕಕ್ಕೂ ಇಲ್ಲ.

ದೂರದಲ್ಲಿ ನೀರು ಕಂಡಿತು. “ಕೆರೆ!” ಎಂದೆ. ಕಾಕಾ ತಲೆಯಾಡಿಸಿ ನಕ್ಕರು. ನೀರಿನ ಮೇಲೆ ಕೆಂಗಂದು ಬಣ್ಣದ ಏನೋ ತೇಲಿ ಬರುತ್ತಿತ್ತು. ಮೈಯಿದೆ, ಕಾಲಿಲ್ಲ. ಒಂದು, ಎರಡು, ಹನ್ನೊಂದು. ಹತ್ತಿರ ಬಂದ ಹಾಗೆ ಕಾಲು ಮೂಡಿದವು, ಬಿಳಿ ಹೊಟ್ಟೆ ಮೂಡಿತು, ಬೆನ್ನುದ್ದಕ್ಕೆ ಎಳೆದ ಕಂದುಪಟ್ಟೆ, ಬಾಚಿ ನಿಲ್ಲಿಸಿದಂಥ ಗಿಡ್ಡ ಕೇಸರ. ಘುಡಖರ್! ಕತ್ತೆ ಎಂದು ಕರೆಯಲು ಬಾಯಿ ಬರಲಿಲ್ಲ, ಕುದುರೆಯ ಠೀವಿ. ಮರೀಚಿಕೆಗೆ ಕನ್ನಡದಲ್ಲಿ ಬಿಸಿಲ್ಗುದುರೆ ಎಂದು ಹೆಸರಿಟ್ಟ ಪುಣ್ಯಾತ್ಮ ಯಾವತ್ತೋ ಈ ಕಡೆಗೆ ಬಂದಿದ್ದನೇ ಎಂದು ನನಗೆ ಇವತ್ತಿಗೂ ಅನುಮಾನ. ಜೀಪಿಗೆ ಸಮನಾಗಿ ಸ್ವಲ್ಪ ದೂರ ಓಡಿದವು. ಗಂಟೆಗೆ ಎಪ್ಪತ್ತು ಕಿಲೋಮೀಟರು ಓಡಬಲ್ಲವಂತೆ. ಆಮೇಲೆ ನಮ್ಮ ಮೇಲೆ ಬೇಸರ ಬಂದವರ ಹಾಗೆ ಒಮ್ಮೆಲೇ ತಿರುಗಿ, ಮತ್ತೆ ಆ ಇಲ್ಲದ ನೀರಿಗೆ ಇಳಿದು ಕರಗಿದವು.

ಜಗತ್ತಿನಲ್ಲಿ ಕಾಡುಕತ್ತೆಯ ಈ ಉಪಜಾತಿ ಉಳಿದಿರುವುದು ಈ ಸೀಮೆಯಲ್ಲೇ. ರೋಗ ಬಡಿದು 1960ರ ದಶಕದ ಕೊನೆಯ ಹೊತ್ತಿಗೆ ಎಣಿಸಿದಾಗ ಸಿಕ್ಕಿದ್ದು 362. 2024ರ ಎಣಿಕೆಯಲ್ಲಿ 7,672. ಕಾಕಾ ತಾನು ಹುಡುಗನಾಗಿದ್ದಾಗ ಅವು ಸತ್ತು ಬಿದ್ದದ್ದನ್ನು ಕಂಡಿದ್ದರು. “ಹದ್ದುಗಳಿಗೆ ಹಾರಲು ಆಗುತ್ತಿರಲಿಲ್ಲ, ಅಷ್ಟು ತಿಂದಿರುತ್ತಿದ್ದವು” ಎಂದರು. ಇವಳು ಮುಖ ಸಿಂಡರಿಸಿದ್ದು ನೆನಪಿದೆ.

“ಈಗಲೂ ಸಿಂಡರಿಸುತ್ತೇನೆ” ಎಂದಳು.

ಬೇಟ್ ಒಂದರ ಮೇಲೆ ನಿಂತು ಸೂರ್ಯಾಸ್ತ ನೋಡಬೇಕೆಂದು ಚಿಕ್ಕಪ್ಪನ ಹಟ. ಕಾಕಾ ಬೇಡವೆಂದರು, ಹೊತ್ತಾಯಿತು ಎಂದರು. ಚಿಕ್ಕಪ್ಪ ಕೇಳಲಿಲ್ಲ. ಸೂರ್ಯಾಸ್ತ ಚೆನ್ನಾಗಿಯೇ ಇತ್ತು, ಅದನ್ನು ಯಾರೂ ಬೇಡವೆನ್ನುವಂತಿಲ್ಲ. ಆದರೆ ಹಿಂದಿರುಗುವಾಗ ಕತ್ತಲಾಯಿತು, ಜೀಪು ಓಡಿಸುತ್ತಿದ್ದ ಹುಡುಗ ಅಡ್ಡದಾರಿ ಹಿಡಿದ. ಗಟ್ಟಿಯಾಗಿ ಕಂಡ ನೆಲ ಹಪ್ಪಳದಂತೆಯೇ ಮುರಿಯಿತು. ಮೇಲೆ ಬೆರಳೆತ್ತರ ಒಣಮಣ್ಣು, ಕೆಳಗೆ ಹಸಿ ಕೆಸರು. ಜೀಪಿನ ಹಿಂಗಾಲಿಗಳು ಅರ್ಧ ಹೂತವು. ನಾನು, ಮಾವ, ಚಿಕ್ಕಪ್ಪ ಚಪ್ಪಲಿ ಬಿಚ್ಚಿ ಇಳಿದು ನೂಕಿದೆವು. ನೂಕಿದಷ್ಟೂ ಹೂತಿತು. ಮೊಣಕಾಲವರೆಗೆ ಕಪ್ಪು ಕೆಸರು, ಉಪ್ಪಿನ ಕೆಸರು. ಗಾಳಿಪಟದ ದಾರಕ್ಕೆ ಸೀಳಿದ ನನ್ನ ಬೆರಳಿಗೆ ತಾಗಿ ಜೀವ ಹೋಯಿತು.

ಹುಣ್ಣಿಮೆ ಕಳೆದು ಐದು ದಿನ, ಚಂದ್ರ ಬರಲು ಇನ್ನೂ ಎಷ್ಟೋ ಹೊತ್ತಿತ್ತು. ಅಂಥ ಕತ್ತಲೆ ನಮ್ಮ ಕಾಡಿನಲ್ಲೂ ಇಲ್ಲ. ಕಾಡಿನ ಕತ್ತಲೆಯಲ್ಲಿ ಮರ ಇರುತ್ತದೆ, ಕೈಗೆ ಏನಾದರೂ ತಾಗುತ್ತದೆ. ಇಲ್ಲಿ ಕೈಚಾಚಿದರೆ ಕೈಯೇ ಇಲ್ಲವಾಗುತ್ತಿತ್ತು. ಮೇಲೆ ನಕ್ಷತ್ರಗಳು ನೆಲದವರೆಗೂ ಇಳಿದು ನಿಂತಿದ್ದವು. ಚಳಿ ಏರತೊಡಗಿತು. ಮಾವ ಡೇರೆಯ ಬಾಡಿಗೆ ಎಷ್ಟು ಎಂದು ಎರಡು ಸಲ ಹೇಳಿದರು.

ಕಾಕಾ ಮಾತ್ರ ತಲೆ ಒಂದು ಕಡೆ ವಾಲಿಸಿ ನಿಂತಿದ್ದರು. ಏನೋ ಕೇಳಿಸಿಕೊಳ್ಳುವವರ ಹಾಗೆ. “ಮಷೀನ್” ಎಂದರು. ನಮಗೇನೂ ಕೇಳಿಸಲಿಲ್ಲ. ಉಸಿರು ಹಿಡಿದು ನಿಂತ ಮೇಲೆ, ಬಹಳ ದೂರದಲ್ಲಿ, ಠುಕ್ ಠುಕ್ ಠುಕ್. ಉಪ್ಪಿನವರ ಎಂಜಿನ್ನು. ಬಾವಿಯಿಂದ ಉಪ್ಪುನೀರೆತ್ತುವ ಆ ಎಂಜಿನ್ನುಗಳನ್ನು ಆಗ ಹಗಲೂ ರಾತ್ರಿ ನಿಲ್ಲಿಸುತ್ತಿರಲಿಲ್ಲ. ಈಗ ಸೌರ ಪಂಪುಗಳು ಬಂದಿವೆಯಂತೆ. ಅವಕ್ಕೆ ಸದ್ದಿಲ್ಲ, ರಾತ್ರಿಯ ಕೆಲಸವೂ ಇಲ್ಲ. ಆವತ್ತು ಹಾಗಿದ್ದಿದ್ದರೆ ನಾವು ಬೆಳಗಿನವರೆಗೂ ಜೀಪಿನಲ್ಲೇ ನಡುಗಬೇಕಿತ್ತು. ಆ ಸದ್ದು ಹಿಡಿದು ನಡೆದೆವು, ಬರಿಗಾಲಿನಲ್ಲಿ. ಇವಳನ್ನು ಮಾವ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಎಷ್ಟು ನಡೆದೆವೋ, ಒಂದು ಗಂಟೆ ಎನ್ನಿ. ಸದ್ದು ದೊಡ್ಡದಾಗುತ್ತ ಬಂತು, ಕಡೆಗೆ ಒಂದು ಕಂದೀಲು ಕಂಡಿತು.

ಗೋಣಿತಟ್ಟು, ಪ್ಲಾಸ್ಟಿಕ್ಕು, ಕಡ್ಡಿ ಸೇರಿಸಿ ಮಾಡಿದ ಗುಡಿಸಲು. ಗಂಡ, ಹೆಂಡತಿ, ಇವಳ ವಾರಿಗೆಯದೇ ಒಂದು ಹುಡುಗಿ, ಕಂಕುಳಲ್ಲಿ ಒಂದು ಕೂಸು. ಅಗರಿಯಾಗಳು. ಮಳೆನೀರು ಇಳಿದ ಮೇಲೆ ಊರು ಬಿಟ್ಟು ಬಂದು, ಮತ್ತೆ ಮಳೆ ಬರುವ ಮುಂಚೆ ವಾಪಸು ಹೋಗುವವರು. ಏಳೆಂಟು ತಿಂಗಳು ಈ ಬಯಲಲ್ಲೇ. ನಮ್ಮನ್ನು ಕಂಡು ಅವರಿಗೆ ಆಶ್ಚರ್ಯವೂ ಆದಂತಿರಲಿಲ್ಲ. “ಆವೋ, ಆವೋ, ಬೇಸೋ.” ಆಕೆ ಒಳಗೆ ಹೋಗಿ ಒಂದು ಲೋಟಾದಲ್ಲಿ ನೀರು ತಂದು ಮೊದಲು ನನ್ನ ಕೈಗೆ ಕೊಟ್ಟಳು.

ಮುಂದಿನದನ್ನು ನಾನು ಹೇಗೆ ಹೇಳಲಿ? ನಮ್ಮಲ್ಲಿ ಮನೆಗೆ ಬಂದವರ ಕೈಗೆ ಮೊದಲು ಕೊಡುವುದೇನು? ಕಾಲಿಗೆ ನೀರು. ಹೊಸ್ತಿಲ ಹೊರಗೆ ತಂಬಿಗೆ ಇಟ್ಟೇ ಇರುತ್ತದೆ. ಕಾಲು ತೊಳೆದು ಒಳಗೆ ಬರುವುದು, ಆಮೇಲೆ ಬೆಲ್ಲ ನೀರು. ಹುಟ್ಟಿದಾಗಿನಿಂದ ಕಂಡದ್ದು ಅದು. ನನ್ನ ಕಾಲಿನಲ್ಲಿ ಸೇರುಗಟ್ಟಲೆ ಕೆಸರು. ಎಷ್ಟು ತಿಳಿದವರು, ಕಾಲಿಗೆ ನೀರು ಕೊಟ್ಟರಲ್ಲ ಎಂದುಕೊಂಡೆ. ಗುಡಿಸಲ ಬದಿಗೆ ಸರಿದು ಲೋಟಾ ಬಗ್ಗಿಸಿದೆ. ಬಲಗಾಲು, ಎಡಗಾಲು. ಬೆರಳ ಸಂದಿಯೂ ಬಿಡದೆ.

ಆ ಹುಡುಗಿ ಕೂಗಿತು: “ಬಾ! ಬಾ!”

ಒಳಗೆ ಕರೆಯುತ್ತಿದೆ ಎಂದುಕೊಂಡು ನಾನು ಕನ್ನಡದಲ್ಲೇ “ಬಂದೆ, ಬಂದೆ” ಎಂದೆ. ನಗುತ್ತಲೇ ಎಂದೆ. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ಐದು ತಿಂಗಳಿಂದ ಮಣಿನಗರದಲ್ಲಿ ದಿನಾ ಕೇಳುತ್ತಿದ್ದ ಮಾತು, ಆ ಹೊತ್ತಿಗೆ ತಲೆಗೆ ಬರಲಿಲ್ಲ. ತಾಯಿ ಮಗಳ ಕಡೆ ಒಮ್ಮೆ ನೋಡಿದಳು, ಅಷ್ಟೇ. ಹುಡುಗಿ ಸುಮ್ಮನಾಯಿತು. ಆಕೆ ನನ್ನ ಕೈಯಿಂದ ಖಾಲಿ ಲೋಟಾ ತೆಗೆದುಕೊಂಡು ಒಳಗೆ ಹೋಗಿ ಮತ್ತೆ ತುಂಬಿಸಿ ತಂದಳು. ಈ ಸಲ ಕಂಠದವರೆಗೆ ಇರಲಿಲ್ಲ. ಮೊದಲು ಅತ್ತೆಗೆ ಕೊಟ್ಟಳು. ಅತ್ತೆ ಎರಡು ಗುಟುಕು ಕುಡಿದು ಇವಳಿಗೆ ಕೊಟ್ಟಳು, ಇವಳು ಮಾವನಿಗೆ, ಮಾವ ಚಿಕ್ಕಪ್ಪನಿಗೆ. ಎಲ್ಲರೂ ಗುಟುಕು ಲೆಕ್ಕ ಹಾಕಿ ಕುಡಿಯುತ್ತಿರುವುದು ನನಗೆ ವಿಚಿತ್ರವಾಗಿ ಕಂಡಿತು. ಅವರ ಕಾಲೆಲ್ಲ ಕೆಸರೇ.

ಊಟಕ್ಕೆ ಸಜ್ಜೆಯ ರೋಟಲಾ, ಬೆಳ್ಳುಳ್ಳಿ ಚಟ್ನಿ. ರೋಟಲಾ ಬಿಸಿಯಿತ್ತು, ಚಟ್ನಿ ಖಾರವಿತ್ತು, ಹಸಿವು ಎರಡಕ್ಕಿಂತ ಜೋರಿತ್ತು. ಬೆಂಕಿಯ ಸುತ್ತ ಕೂತು ತಿಂದೆವು. ಅದೇ ಹುಚ್ಚು ಜಾಲಿಯ ಸೌದೆ. ಗಂಡ ತನ್ನ ಕೆಲಸದ ಮಾತು ಹೇಳಿದ, ಅತ್ತೆ ನನಗೆ ಬಿಡಿಸಿ ಹೇಳಿದಳು. ಬಾವಿ ತೋಡಿದರೆ ಸಿಗುವ ನೀರು ಕಡಲ ನೀರಿಗಿಂತ ಎಷ್ಟೋ ಪಟ್ಟು ಉಪ್ಪು. ಅದನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಗಟ್ಟಿ ಮಾಡುವುದು. ಕೊನೆಯ ಮಡಿಯ ತಳವನ್ನು ಗಂಡಹೆಂಡತಿ ದಿನಗಟ್ಟಲೆ ಕಾಲಿನಲ್ಲೇ ತುಳಿದು ತುಳಿದು ಕಲ್ಲಿನಂತೆ ಮಾಡಿರುತ್ತಾರೆ. ಹರಳು ಕಟ್ಟತೊಡಗಿದ ಮೇಲೆ ದಿನಾ ಮರದ ಹಲುಬೆ ಎಳೆಯಬೇಕು, ಇಲ್ಲದಿದ್ದರೆ ಹರಳು ದಪ್ಪವಾಗುವುದಿಲ್ಲ. ಹಂಗಾಮಿನ ಮೊದಲಿಗೆ ಎಂಜಿನ್ನಿನ ಎಣ್ಣೆಗೆಂದು ವ್ಯಾಪಾರಿ ಮುಂಗಡ ಕೊಡುತ್ತಾನೆ. ಕೊನೆಗೆ ಉಪ್ಪು ತೂಗಿ ಮುರಿದುಕೊಳ್ಳುತ್ತಾನೆ. ಉಳಿದರೆ ಉಳಿಯಿತು. ದೇಶದ ಉಪ್ಪಿನ ಮುಕ್ಕಾಲು ಪಾಲು ಗುಜರಾತಿನದು ಎಂದು ಚಿಕ್ಕಪ್ಪ ಲೆಕ್ಕ ಹೇಳಿದ. ಆ ಮನುಷ್ಯ ಬೆಂಕಿಗೆ ಕಾಲು ಚಾಚಿ ಕೂತಿದ್ದ. ಪಾದ ಕಪ್ಪಗೆ, ಒಣಗಿದ ತೊಗಲಿನ ಹಾಗೆ, ಹಿಮ್ಮಡಿಯಲ್ಲಿ ರಣದ ನೆಲದಂಥದೇ ಬಿರುಕು. ಕಾಕಾ ಅದನ್ನು ತೋರಿಸಿ ಮೆಲ್ಲಗೆ ಹೇಳಿದರು: ಅಗರಿಯಾ ಸತ್ತಾಗ ಮೈಯೆಲ್ಲ ಸುಟ್ಟರೂ ಪಾದ ಸುಡುವುದಿಲ್ಲ, ಉಪ್ಪು ಅಷ್ಟು ಒಳಗಿಳಿದಿರುತ್ತದೆ, ಆಮೇಲೆ ಅದನ್ನು ಬೇರೆಯಾಗಿ ಉಪ್ಪಿನಲ್ಲಿ ಹೂಳಬೇಕು, ಹಾಗೆ ಹೇಳುತ್ತಾರೆ. ಆತ ಕೇಳಿಸಿಕೊಂಡು ನಕ್ಕ. ತನ್ನ ಅಪ್ಪನದು ಹಾಗೇ ಆಗಿತ್ತು ಎಂದ. ಗಿರಣಿಯಲ್ಲಿ ಬೋನಸ್ ಎಷ್ಟು ಬಂತು ಎನ್ನುವವರ ಹಾಗೆ ಎಂದ.

ನಾನು ನನ್ನ ಕಾಲು ನೋಡಿಕೊಂಡೆ. ಬೆಂಕಿಯ ಬೆಳಕಿಗೆ ಹೊಳೆಯುತ್ತಿದ್ದವು.

ಹನ್ನೊಂದರ ಸುಮಾರಿಗೆ ಚಂದ್ರ ಬಂದ. ಮಡಿಗಳಲ್ಲಿ ಕಟ್ಟುತ್ತಿದ್ದ ಉಪ್ಪಿನ ಮೇಲೆ ಬೆಳಕು ಬಿದ್ದು, ಸುತ್ತ ಹತ್ತಾರು ಕಿಟಕಿ ತೆರೆದ ಹಾಗಾಯಿತು. ಎಂಜಿನ್ನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹೆಂಗಸರು, ಮಕ್ಕಳು ಗುಡಿಸಲಲ್ಲಿ, ನಾವು ಹೊರಗೆ ಗೋಣಿ ಹೊದ್ದು. ಹೊಗೆ ಎಳೆಯುತ್ತ ಕೂತಿದ್ದ ಕಾಕಾನ ಬಳಿ ನಾನು ನನ್ನ ಹರಕು ಗುಜರಾತಿಯಲ್ಲಿ, “ಇಲ್ಲಿ ಕುಡಿಯಲು ನೀರು ಎಲ್ಲಿಂದ?” ಎಂದು ಕೇಳಿದೆ. ಕೇಳಬೇಕೆಂದೇನೂ ಕೇಳಿದ್ದಲ್ಲ, ನಿದ್ದೆ ಬರಲಿಲ್ಲ ಅಷ್ಟೇ.

“ಟ್ಯಾಂಕರ್. ವಾರಕ್ಕೊಮ್ಮೆ ಬಂದರೆ ಬಂತು. ಈ ಸಲ ಉತ್ತರಾಯಣದ ರಜೆ ನೋಡು, ಬಂದಿಲ್ಲ.” ಬೀಡಿ ನೆಲಕ್ಕೆ ಒತ್ತಿದರು. “ನಿನಗೆ ಗೊತ್ತಿರಲಿಲ್ಲ, ಬಿಡು.”

ಅಷ್ಟೇ ಹೇಳಿದ್ದು. ‘ಬಿಡು’ ಎಂದದ್ದು ಯಾವುದಕ್ಕೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಾಲನ್ನು ಗೋಣಿಯೊಳಗೆ ಎಳೆದುಕೊಂಡೆ.

ಬೆಳಗಿನ ಜಾವ ಮಂಜು ಕವಿದಿತ್ತು. ಮೇಲೆ ಎಲ್ಲೋ ಕುಂಜ್ ಹಕ್ಕಿಗಳು ಕೂಗಿಕೊಂಡು ಹೋಗುವ ಸದ್ದು, ಹಕ್ಕಿ ಕಾಣಿಸದು. ಜೀಪಿನ ಹುಡುಗ ಪಕ್ಕದ ಮಡಿಯಿಂದ ಟ್ರ್ಯಾಕ್ಟರು ತಂದು ಜೀಪು ಎಳೆಸಿದ. ಹೊರಡುವಾಗ ಚಿಕ್ಕಪ್ಪ ದುಡ್ಡು ಕೊಡಲು ಹೋದ, ಅವರು ಮುಟ್ಟಲಿಲ್ಲ. ಕೂಸಿನ ಕೈಯಲ್ಲಿಟ್ಟು ಬಂದ. ನಮ್ಮ ಚೀಲದಲ್ಲಿದ್ದ ಎರಡು ಬಾಟಲಿ ನೀರು ಜೀಪಿನಲ್ಲೇ ಉಳಿದಿತ್ತು. ನಾನು ಓಡಿಹೋಗಿ ತಂದು ಆಕೆಗೆ ಕೊಟ್ಟೆ. ಆಕೆ ತೆಗೆದುಕೊಂಡಳು. ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ; ಹೇಳಲು ನನಗೆ ಭಾಷೆ ಬರುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು. ಹುಡುಗಿ ಮಡಿಯ ಅಂಚಿನಿಂದ ಒಂದು ಬೊಗಸೆ ಹರಳು ಬಾಚಿ ಇವಳ ಲಂಗದ ಮಡಿಲಿಗೆ ಹಾಕಿದಳು.

ಡೇರೆಗಳು ನಾವು ಬಿಟ್ಟುಹೋದ ಹಾಗೇ ಇದ್ದವು. ಯಾರೂ ಮಲಗದ ಡೇರೆ ಬಿಚ್ಚಿ ಮಡಚುವಾಗ ಮಾವನ ಮುಖ ನೋಡುವಂತಿರಲಿಲ್ಲ. ಅವರು ತೋಡಿಸಿದ ಕಾಲುವೆಯಲ್ಲಿ ನಾಯಿಯೊಂದು ಬೆಚ್ಚಗೆ ಮಲಗಿತ್ತು. ಮೊಢೇರಾಕ್ಕೂ ಹೋದೆವು. 1026ರ ಹೊತ್ತಿನದು, ಮೊದಲನೇ ಭೀಮದೇವನ ಕಾಲದ್ದು, ಗುಡಿಯ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭಾರೀ ಪುಷ್ಕರಿಣಿ. ಅತ್ತೆ ಮೊದಲಿನಿಂದ ಕೊನೆಯವರೆಗೆ ಎಲ್ಲ ವಿವರಿಸಿದಳು. ನನಗೆ ನೆನಪಿರುವುದು ಇಷ್ಟೇ: ತಳದಲ್ಲಿ ಹಸಿರು ಪಾಚಿ, ಸ್ವಲ್ಪ ನೀರು, ಅದರಲ್ಲಿ ಯಾರೋ ಹುಡುಗ ಕಾಲು ಇಳಿಬಿಟ್ಟು ಕೂತಿದ್ದ.

ಆ ಬೇಸಿಗೆ ಊರಿಗೆ ಬಂದಾಗ ಹರಳುಪ್ಪಿನ ಅರ್ಧ ಪಾಲು ಅಮ್ಮನಿಗೆ ತಂದುಕೊಟ್ಟೆ. ಅಪ್ಪೆಮಿಡಿ ಉಪ್ಪಿಗೆ ಹಾಕುವ ಹಂಗಾಮು. ನಮ್ಮನೆಗೆ ಉಪ್ಪೆಂದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯದೇ, ಮಣ್ಣುಗೆಂಪು ಬಣ್ಣದ್ದು. ಅಮ್ಮ ಈ ಬೆಳ್ಳನೆಯ ಹರಳನ್ನು ಬೆಳಕಿಗೆ ಹಿಡಿದು ನೋಡಿ, “ಚಂದ ಇದೆ. ದೇವರ ಮುಂದೆ ಇಡಲಿಕ್ಕಾದೀತು, ಮಿಡಿಗೆ ಬೇಡ” ಎಂದಳು. ಆದರೂ ಒಂದು ಸಣ್ಣ ಭರಣಿಗೆ ಅದನ್ನೇ ಹಾಕಿದಳು. ಮಿಡಿ ಕೆಡಲಿಲ್ಲ.

ಕಥೆ ಅಲ್ಲಿಗೆ ನಿಲ್ಲಿಸಿದೆ. ನಾನು ಯಾವಾಗಲೂ ಅಲ್ಲಿಗೇ ನಿಲ್ಲಿಸುವುದು. ಹೊರಗೆ ಮಳೆ ಇನ್ನಷ್ಟು ಜೋರಾಗಿತ್ತು. ಬೇಳೆಯೊಂದು ಸಿಡಿದು ತಮ್ಮನ ಮಗನ ತೊಡೆಗೆ ಬಿತ್ತು, ಗಲಾಟೆಯಾಯಿತು. ಅದು ತಣ್ಣಗಾದ ಮೇಲೆ ಅತ್ತೆಯ ಮಗಳು ಬೆಂಕಿಗೆ ಒಂದು ಸೌದೆ ನೂಕಿ ಹೇಳಿದಳು:

“ಒಂದು ಬಿಟ್ಟಿರಿ ಭಾವ.”

“ಏನು?”

“ನಿಮಗೆ ಗೊತ್ತಿಲ್ಲ. ಅಮ್ಮ ಹೇಳಬೇಡ ಅಂದಿದ್ದಳು. ಅವಳು ಹೋಗಿಯೂ ನಾಲ್ಕು ವರ್ಷವಾಯಿತು, ಈಗ ಹೇಳಬಹುದು.” ಸೌದೆ ಹತ್ತಿಕೊಳ್ಳುವವರೆಗೆ ಊದಿದಳು. “ನೀವು ಕಾಲು ತೊಳೆದು ಒಳಗೆ ಹೋದಿರಲ್ಲ, ನಾನು ಹೊರಗೇ ಇದ್ದೆ. ಆ ಹುಡುಗಿ ಗುಡಿಸಲ ಹಿಂದೆ ಹೋಗಿ ಆಡು ಬಿಚ್ಚಿಕೊಂಡು ಬಂದಳು. ನೀವು ನಿಂತಿದ್ದ ಜಾಗಕ್ಕೆ. ಉಪ್ಪು ನೆಲ, ನೀರು ಇಂಗಿರಲಿಲ್ಲ, ಮೇಲೇ ನಿಂತಿತ್ತು. ಆಡು ಅದನ್ನು ಪೂರಾ ನೆಕ್ಕಿತು. ಅದು ಮುಗಿಸುವವರೆಗೆ ಅವಳು ಹಗ್ಗ ಹಿಡಿದು ನಿಂತಿದ್ದಳು.”

ಪೈಪಿನ ನೀರು ಹಂಡೆಗೆ ಬೀಳುತ್ತಲೇ ಇತ್ತು. ಬರೋಡಾದ ಹುಡುಗಿ ಕೇಳಿತು, “ಆಡಿನ ಹೆಸರೇನಿತ್ತು?”

“ಕೇಳಲಿಲ್ಲ” ಎಂದಳು ಅವಳ ಅಮ್ಮ.